ಮಲೆನಾಡಿನ ಊಟ ಬಿಡದೆ ತೂಕ ಇಳಿಸುವುದು ಹೇಗೆ?

ಪ್ರಶ್ನೆ: ತೋಟದಿಂದ ಪೇಟೆಗೆ

ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ. ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದ ನಾವು, ಮಗನ ಓದಿನ ಸಲುವಾಗಿ ಐದು ವರ್ಷಗಳ ಹಿಂದೆ ಶಿವಮೊಗ್ಗಕ್ಕೆ ಬಂದು ಮನೆ ಮಾಡಿದೆವು. ಊರಿನಲ್ಲಿದ್ದಾಗ 61 ಕೆ.ಜಿ. ಇದ್ದ ನನ್ನ ತೂಕ ಈಗ 72 ಕೆ.ಜಿ. ತಲುಪಿದೆ. ಎತ್ತರ 158 ಸೆಂ.ಮೀ., ಸೊಂಟದ ಸುತ್ತಳತೆ 94 ಸೆಂ.ಮೀ. ಕಳೆದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಬರಿಹೊಟ್ಟೆಯ ಸಕ್ಕರೆ 108 ಬಂದಿತು, ಥೈರಾಯ್ಡ್ ಸರಿಯಾಗಿದೆ. ಸದ್ಯಕ್ಕೆ ಔಷಧಿ ಬೇಡ, ಮೂರು ತಿಂಗಳು ತೂಕ ಇಳಿಸುವ ಪ್ರಯತ್ನ ಮಾಡಿ ಬನ್ನಿ ಎಂದು ವೈದ್ಯರು ಹೇಳಿದ್ದಾರೆ.

ಪರಿಚಯದವರೊಬ್ಬರ ಮೂಲಕ ಪಥ್ಯದ ಪಟ್ಟಿಯೊಂದನ್ನು ಪಡೆದೆ. ಅದರಲ್ಲಿ ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಕ್ವಿನೋವಾ, ರಾತ್ರಿ ಬ್ರೊಕೊಲಿ ಸೂಪು, ನಡುವೆ ಬಾದಾಮಿ ಹಾಲು ಎಂದಿತ್ತು. ಹದಿನೆಂಟು ದಿನ ನಿಷ್ಠೆಯಿಂದ ಪಾಲಿಸಿದೆ. ಆದರೆ ಮನೆಮಂದಿಗೆ ಒಂದು ಅಡುಗೆ, ನನಗೊಂದು ಅಡುಗೆ ಎಂದು ದಿನವೂ ಎರಡೆರಡು ಬಾರಿ ಒಲೆಯ ಮುಂದೆ ನಿಲ್ಲುವುದು ಸಾಧ್ಯವಾಗಲಿಲ್ಲ. ಒಂದು ಮಧ್ಯಾಹ್ನ ನನ್ನ ತಟ್ಟೆ ನೋಡಿದ ಅತ್ತೆಯವರು, "ಮನೆ ತುಂಬ ಅಕ್ಕಿ ಇಟ್ಕೊಂಡು ಹಿಂಗೆ ಯಾಕೆ ಹೊಟ್ಟೆ ಕಟ್ತೀಯೇ" ಎಂದು ಕಣ್ಣೀರು ತಂದುಕೊಂಡರು. ಅಂದೇ ಆ ಪಟ್ಟಿಯನ್ನು ಮಡಿಸಿಟ್ಟೆ.

ನಮ್ಮ ದಿನಚರಿ ಹೀಗಿದೆ. ಬೆಳಿಗ್ಗೆ ನೀರುದೋಸೆ, ಕಡುಬು ಅಥವಾ ಅಕ್ಕಿರೊಟ್ಟಿ, ಜೊತೆಗೆ ಚಟ್ನಿ, ತುಪ್ಪ, ಜೋನಿ ಬೆಲ್ಲ. ಮಧ್ಯಾಹ್ನ ಅನ್ನ, ತಂಬುಳಿ, ಸಾರು, ಹುಳಿ, ಮಜ್ಜಿಗೆ. ಸಂಜೆ ಚಕ್ಕುಲಿಯೋ ಕರಿದ ಹಪ್ಪಳವೋ ಇರುತ್ತದೆ. ರಾತ್ರಿ ಮತ್ತೆ ಅನ್ನ. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ. ಊರಿನಲ್ಲಿಯೂ ಇದನ್ನೇ ಉಣ್ಣುತ್ತಿದ್ದೆವು, ಆಗ ಮೈ ಬಂದಿರಲಿಲ್ಲ.

ಅನ್ನವನ್ನು ಪೂರ್ತಿ ಬಿಡಲೇಬೇಕೆ? ತೆಂಗಿನಕಾಯಿ ಮತ್ತು ಕೊಬ್ಬರಿ ಎಣ್ಣೆ ಅಷ್ಟು ಕೆಟ್ಟವೆ? ಸಕ್ಕರೆಯ ಬದಲು ಬೆಲ್ಲ ಬಳಸಿದರೆ ಸಾಕೆ? ಮಳೆ ಹಿಡಿದ ಮೇಲೆ ನಡಿಗೆಗೆ ಏನು ಮಾಡುವುದು? ನಮ್ಮ ಮನೆಯಲ್ಲಿ ನಾಲ್ಕು ಜನ ಇದ್ದೇವೆ; ಎಲ್ಲರಿಗೂ ಒಂದೇ ಅಡುಗೆಯಾಗುವಂತಹ ದಾರಿ ಬೇಕು.

ಉತ್ತರ: ಶರಾವತಿ ಹಿನ್ನೀರು

ಅನ್ನ ಬಿಡಬೇಕಾಗಿಲ್ಲ ಅಕ್ಕಾ. ಒಂದು ಊಟದಲ್ಲಿ ಅನ್ನ ಎಷ್ಟು ಸಲ ತಟ್ಟೆಗೆ ಬೀಳುತ್ತದೆ ಎಂಬುದನ್ನು ಒಂದು ವಾರ ಎಣಿಸಿ ನೋಡಿ.

ನಮ್ಮ ಕಡೆಯ ಊಟದ ಕ್ರಮವೇ ಹಾಗಿದೆ. ತಂಬುಳಿಗೆ ಒಂದು ಸಲ ಅನ್ನ, ಸಾರಿಗೆ ಒಂದು ಸಲ, ಹುಳಿಗೆ ಮತ್ತೊಂದು ಸಲ, ಕೊನೆಗೆ ಮಜ್ಜಿಗೆಗೆ ಇನ್ನೊಂದು ಸಲ. ಬಡಿಸುವವರು ಪ್ರತಿ ಸಲವೂ "ಸ್ವಲ್ಪವೇ" ಹಾಕುತ್ತಾರೆ, ಉಣ್ಣುವವರಿಗೂ ಅದು ಸ್ವಲ್ಪವೇ ಎನಿಸುತ್ತದೆ. ನಾನು ಸಾಗರದವನು, 39 ವರ್ಷ, ಕುಳಿತು ಮಾಡುವ ಕೆಲಸ. ಎರಡು ವರ್ಷಗಳ ಹಿಂದೆ ನನ್ನ ತೂಕ 86 ಕೆ.ಜಿ. ಇದ್ದಾಗ ಅಡುಗೆಮನೆಯ ಸಣ್ಣ ತೂಕದ ಯಂತ್ರ ತಂದು, ಅಮ್ಮ ಬಡಿಸಿದ ಅನ್ನವನ್ನು ಪ್ರತಿ ಸಲವೂ ತೂಗಿ ಬರೆದಿಟ್ಟೆ. ಒಂದು ಮಧ್ಯಾಹ್ನದ ಊಟಕ್ಕೆ 480 ಗ್ರಾಂ ಆಯಿತು. ನೂರು ಗ್ರಾಂ ಅನ್ನಕ್ಕೆ ಸುಮಾರು 130 ಕಿಲೋ ಕ್ಯಾಲೊರಿಯಂತೆ ಲೆಕ್ಕ ಹಾಕಿದರೆ ಅನ್ನವೊಂದೇ 620ರಷ್ಟಾಯಿತು. ರಾತ್ರಿಯ ಊಟವೂ ಇದೇ ಅಳತೆಯದು. ಹೊಟ್ಟೆಬಾಕನಂತೆ ತಿನ್ನುತ್ತಿದ್ದೇನೆ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಆಮೇಲೆ ನಾನು ಮಾಡಿದ ಮುಖ್ಯ ಬದಲಾವಣೆ ಒಂದೇ. 200 ಗ್ರಾಂ ಅನ್ನವನ್ನು ಒಂದೇ ಸಲ ತಟ್ಟೆಗೆ ಹಾಕಿಸಿಕೊಂಡು, ಅದನ್ನೇ ಬೆರಳಿನಿಂದ ನಾಲ್ಕು ಪಾಲು ಮಾಡಿಕೊಂಡು, ತಂಬುಳಿಯಿಂದ ಮಜ್ಜಿಗೆಯವರೆಗೆ ಎಲ್ಲವನ್ನೂ ಉಂಡೆ. ಯಾವ ಪದಾರ್ಥವೂ ತಪ್ಪಲಿಲ್ಲ. ತಂಬುಳಿಯ ಬಗ್ಗೆ ಒಂದು ಮಾತು ಹೇಳಲೇಬೇಕು: ಅದು ತಂಪು, ಹಗುರ, ಎಲ್ಲವೂ ನಿಜ, ಆದರೆ ತಂಬುಳಿ ಕಲಸಿದ ಅನ್ನ ಅಗಿಯುವ ಮೊದಲೇ ಗಂಟಲಿನಲ್ಲಿ ಇಳಿದುಬಿಡುತ್ತದೆ. ಆದ್ದರಿಂದ ಒಂದೆಲಗದ ತಂಬುಳಿಯನ್ನೋ ದೊಡ್ಡಪತ್ರೆಯ ತಂಬುಳಿಯನ್ನೋ ಮೊದಲೇ ಒಂದು ಲೋಟ ಕುಡಿದು, ಬಳಿಕ ಎರಡು ಸೌಟು ಪಲ್ಯ ತಿಂದು, ಆಮೇಲೆ ಅನ್ನಕ್ಕೆ ಕೈ ಹಾಕುವುದನ್ನು ರೂಢಿ ಮಾಡಿಕೊಂಡೆ.

ಮೊದಲ ಹತ್ತು ದಿನ ಸಂಜೆ ನಾಲ್ಕಕ್ಕೆಲ್ಲ ವಿಪರೀತ ಹಸಿವಾಗುತ್ತಿತ್ತು. ಅನ್ನ ಕಡಿಮೆಯಾದ ಜಾಗಕ್ಕೆ ಬೇರೇನನ್ನೂ ತುಂಬದಿದ್ದುದೇ ಅದಕ್ಕೆ ಕಾರಣ ಎಂಬುದು ತಿಳಿದ ಮೇಲೆ, ಮಧ್ಯಾಹ್ನದ ಊಟಕ್ಕೆ ಮೊಳಕೆ ಬಂದ ಹೆಸರುಕಾಳಿನ ಉಸಲಿ ಅಥವಾ ಹುರುಳಿ ಕಾಳಿನ ಪಲ್ಯವನ್ನು ಒಂದು ಬಟ್ಟಲು ಸೇರಿಸಿದೆ. ಹಸಿವು ತಹಬಂದಿಗೆ ಬಂತು. ಹದಿನಾಲ್ಕು ತಿಂಗಳಲ್ಲಿ 9 ಕೆ.ಜಿ. ಇಳಿದೆ. ಅದು ಒಂದೇ ಸಮನೆ ಇಳಿಯಲಿಲ್ಲ ಎಂಬುದನ್ನೂ ಹೇಳಬೇಕು: 81ಕ್ಕೆ ಬಂದು ಮೂರು ತಿಂಗಳು ಅಲ್ಲಿಯೇ ನಿಂತಿತ್ತು, ಮದುವೆಗಳ ದಿನಗಳಲ್ಲಿ ಒಂದು ಕೆ.ಜಿ. ಏರಿ ಮತ್ತೆ ಇಳಿಯಿತು.

ಎಣ್ಣೆಯ ವಿಷಯದಲ್ಲಿ ಚಮಚದ ಲೆಕ್ಕ ಇಡುವುದು ಕಷ್ಟ. ಕ್ಯಾನು ಒಡೆದ ದಿನ ಅದರ ಮೇಲೆ ತಾರೀಕು ಬರೆದಿಡಿ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ನಾಲ್ಕು ಲೀಟರ್ ಖರ್ಚಾದರೆ ತಲೆಗೆ ದಿನಕ್ಕೆ 30 ಗ್ರಾಂ ಬೀಳುತ್ತದೆ. ಎರಡೂಮುಕ್ಕಾಲು ಲೀಟರಿನಲ್ಲಿ ಮುಗಿಸಿದರೆ 21 ಗ್ರಾಂ. ಹೊರಗಿನ ತಿಂಡಿ ಈ ಲೆಕ್ಕಕ್ಕೆ ಸೇರಿಲ್ಲ, ನೆನಪಿರಲಿ. ಕರಿಯುವುದನ್ನು ವಾರಕ್ಕೆ ಒಂದು ದಿನಕ್ಕೆ ನಿಲ್ಲಿಸಿ, ಹಲಸಿನ ಹಪ್ಪಳವನ್ನು ಹಿಂದಿನವರಂತೆ ಕೆಂಡದ ಮೇಲೆ ಸುಟ್ಟುಕೊಂಡರೆ ಇದು ತಾನಾಗಿ ಸಾಧ್ಯವಾಗುತ್ತದೆ. ಪೇಟೆಯ ಮನೆಯಲ್ಲಿ ಕೆಂಡವಿಲ್ಲದಿದ್ದರೆ ಗ್ಯಾಸಿನ ಸಣ್ಣ ಉರಿಯ ಮೇಲೆ ಇಕ್ಕಳದಲ್ಲಿ ಹಿಡಿದು, ಅಂಚು ಮೊದಲು ಸುಟ್ಟು, ನಡುವಿನ ಭಾಗಕ್ಕೆ ಕೊನೆಗೆ ಬಂದರೆ ಕರಕಲಾಗದೆ ಸಮನಾಗಿ ಅರಳುತ್ತದೆ.

ಉತ್ತರ: ಮನೆಯೂಟ

ನಾನು ಆಹಾರತಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ಹುಟ್ಟೂರು ತೀರ್ಥಹಳ್ಳಿ ತಾಲ್ಲೂಕು. ಊರಿನಲ್ಲಿಯೂ ಇದನ್ನೇ ಉಣ್ಣುತ್ತಿದ್ದೆವು, ಆಗ ಮೈ ಬಂದಿರಲಿಲ್ಲ ಎಂದು ನೀವು ಬರೆದ ವಾಕ್ಯದಲ್ಲಿಯೇ ಉತ್ತರದ ಬಹುಪಾಲು ಇದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 55 ಕೆ.ಜಿ. ತೂಕದ ಮಹಿಳೆಗೆ ಮಧ್ಯಮ ಶ್ರಮದ ಬದುಕಿನಲ್ಲಿ ದಿನಕ್ಕೆ 2130 ಕಿಲೋ ಕ್ಯಾಲೊರಿ ಬೇಕು. ಹೆಚ್ಚಾಗಿ ಕುಳಿತೇ ಇರುವ ಬದುಕಿನಲ್ಲಿ 1660 ಸಾಕು. ನಡುವಿನ ಅಂತರ 470. ತೋಟಕ್ಕೆ ಹೋಗಿ ಬರುವುದು, ಸೊಪ್ಪು ಹೊರುವುದು, ಕೊಟ್ಟಿಗೆ ಕೆಲಸ, ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿಯವರೆಗಿನ ದುಡಿಮೆ, ಇವೆಲ್ಲವೂ ಪೇಟೆಗೆ ಬಂದ ದಿನದಿಂದ ನಿಂತುಹೋದವು. ಅಕ್ಕಿ ಅಳೆಯುವ ಪಾವು ಮಾತ್ರ ಹಾಗೆಯೇ ಉಳಿಯಿತು. 470 ಕಿಲೋ ಕ್ಯಾಲೊರಿ ಎಂದರೆ ಸುಮಾರು 130 ಗ್ರಾಂ ಅಕ್ಕಿ. ನಿಮ್ಮ ಊಟ ತಪ್ಪಾಗಿಲ್ಲ, ಅದರ ಅಳತೆ ಹಳೆಯ ಕೆಲಸಕ್ಕೆ ಹೊಂದಿಕೊಂಡದ್ದಾಗಿದೆ.

ಅದೇ ಸಂಸ್ಥೆಗಳು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕಿಲೋ ಕ್ಯಾಲೊರಿಯ ದಿನದ ತಟ್ಟೆಗೆ ಧಾನ್ಯ 250 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಬೇಳೆಕಾಳು 85 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿ.ಲೀ., ಎಣ್ಣೆ 27 ಗ್ರಾಂ ಎಂದಿದೆ. ಶೇಂಗಾ, ಗೋಡಂಬಿಯಂಥವು 35 ಗ್ರಾಂ. ಧಾನ್ಯ, ಕಾಳುಗಳ ತೂಕ ಬೇಯಿಸುವ ಮೊದಲಿನದು. ನೀವು ತೂಕ ಇಳಿಸಬೇಕಾಗಿರುವುದರಿಂದ ಧಾನ್ಯವನ್ನು ಇನ್ನೂ ಸ್ವಲ್ಪ ತಗ್ಗಿಸಿ, ಕಾಳು ಮತ್ತು ತರಕಾರಿಯನ್ನು ತಗ್ಗಿಸದೆ ಇರಬೇಕು. ನಮ್ಮ ಮನೆಗಳ ಊಟದಲ್ಲಿ ಧಾನ್ಯ ಈ ಅಳತೆಯನ್ನು ದಾಟುತ್ತದೆ, ಬೇಳೆಕಾಳು ಅರ್ಧಕ್ಕೂ ಬರುವುದಿಲ್ಲ. ಹುಳಿಗೆ ಬೇಳೆಗಿಂತ ಕಾಯಿಯನ್ನೇ ಹೆಚ್ಚು ಅರೆದು ಹಾಕುವುದನ್ನು ನಾನು ನನ್ನ ತವರಿನಲ್ಲಿಯೇ ನೋಡುತ್ತಿದ್ದೇನೆ. ಬೇಳೆ ಒಂದೂವರೆ ಪಟ್ಟಾಗಲಿ, ಕಾಯಿ ಅರ್ಧವಾಗಲಿ. ಹುಳಿಯ ಹದ ಕೆಡುವುದಿಲ್ಲ.

ತೆಂಗಿನಕಾಯಿ ಕೆಟ್ಟದ್ದಲ್ಲ. ಆದರೆ ಹಸಿ ಕಾಯಿತುರಿ ನೂರು ಗ್ರಾಂಗೆ 350ಕ್ಕೂ ಹೆಚ್ಚು ಕಿಲೋ ಕ್ಯಾಲೊರಿ ಕೊಡುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಪರ್ಯಾಪ್ತ ಕೊಬ್ಬು, ಅಂದರೆ ರಕ್ತದ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುವ ಬಗೆಯದು. ಒಗ್ಗರಣೆಗೆ ಪರಿಮಳಕ್ಕೆಂದು ಒಂದು ಚಮಚ ಇರಲಿ, ಉಳಿದದ್ದಕ್ಕೆ ಶೇಂಗಾ ಎಣ್ಣೆಯಂಥದ್ದು ಬಳಸಿ. ಯಾವ ಎಣ್ಣೆಯಾದರೂ ಒಂದು ಗ್ರಾಂಗೆ 9 ಕಿಲೋ ಕ್ಯಾಲೊರಿಯೇ. ಚಟ್ನಿಯಲ್ಲಿ ಅರ್ಧ ಕಾಯಿಯ ಜಾಗಕ್ಕೆ ಹುರಿಗಡಲೆ ಅಥವಾ ಹೀರೆಕಾಯಿ ಸಿಪ್ಪೆ ಬರಬಹುದು.

ಬೆಲ್ಲದ ವಿಷಯದಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ: ಜೋನಿ ಬೆಲ್ಲ ಸಕ್ಕರೆಗೆ ಬದಲಿಯಲ್ಲ. ರಕ್ತದ ಸಕ್ಕರೆಯನ್ನು ಅದೂ ಏರಿಸುತ್ತದೆ. ನಿಮ್ಮ ನಾಲ್ಕು ಲೋಟ ಕಾಫಿಯಲ್ಲಿಯೇ ಎಂಟು ಚಮಚ, ಎಂದರೆ ಸುಮಾರು 40 ಗ್ರಾಂ ಸಕ್ಕರೆ ಹೋಗುತ್ತಿದೆ. ಹೊರಗಿನಿಂದ ಸೇರಿಸುವ ಸಿಹಿ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಮ್ಮೆಗೇ ಬಿಡದೆ, ಹದಿನೈದು ದಿನಕ್ಕೆ ಅರ್ಧ ಚಮಚದಂತೆ ಇಳಿಸುತ್ತ ಬನ್ನಿ, ನಾಲಿಗೆ ಒಪ್ಪಿಕೊಳ್ಳುತ್ತದೆ.

ತಿಂಡಿಗಳಲ್ಲಿ ಮಲೆನಾಡಿನ ಅಕ್ಕಿರೊಟ್ಟಿಯ ಬಗ್ಗೆ ನನಗೆ ಗೌರವವಿದೆ. ಹಿಟ್ಟನ್ನು ಕುದಿನೀರಿನಲ್ಲಿ ಬೇಯಿಸಿ, ನಾದಿ, ತೆಳ್ಳಗೆ ತಟ್ಟಿ ಕೆಂಡದ ಮೇಲೆ ಉಬ್ಬಿಸುವ ಆ ರೊಟ್ಟಿಗೆ ಎಣ್ಣೆಯೇ ಬೇಡ. ಕಡುಬೂ ಹಬೆಯಲ್ಲಿ ಬೇಯುವಂಥದ್ದು. ಎರಡೂ ಇರಲಿ, ಆದರೆ ಎರಡೂ ಬರೀ ಅಕ್ಕಿಯಾದ್ದರಿಂದ ಎರಡು ರೊಟ್ಟಿಗೆ ನಿಲ್ಲಿಸಿ, ಜೊತೆಗೆ ಬೆಣ್ಣೆಯ ಬದಲು ಕಾಳಿನ ಗೊಜ್ಜೋ ಸೊಪ್ಪಿನ ಪಲ್ಯವೋ ಇಟ್ಟುಕೊಳ್ಳಿ. ಮೊಟ್ಟೆ ತಿನ್ನುವವರಾದರೆ ಒಂದು ಬೇಯಿಸಿದ ಮೊಟ್ಟೆಯಿಂದ 6 ಗ್ರಾಂ ಪ್ರೋಟೀನ್ ಸಿಗುತ್ತದೆ. ನೀರುದೋಸೆಯ ದಿನಗಳಲ್ಲಿ ಎರಡು ದಿನವನ್ನು ಹೆಸರುಕಾಳಿನ ದೋಸೆಗೆ ಬಿಟ್ಟುಕೊಡಿ. ಪಾಲಿಶ್ ಮಾಡದ ಕೆಂಪು ಕುಚ್ಚಲಕ್ಕಿಯಲ್ಲಿ ನಾರು ಹೆಚ್ಚಿರುವುದರಿಂದ ಬೇಗ ಹೊಟ್ಟೆ ತುಂಬುತ್ತದೆ. ಕ್ಯಾಲೊರಿ ಮಾತ್ರ ಬೆಳ್ತಿಗೆಯಷ್ಟೇ. ರಾಗಿಗೂ ಅಳತೆ ಅಗತ್ಯ.

ತರಕಾರಿಗೆ ಬ್ರೊಕೊಲಿಯನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ಬಸಳೆ, ಹರಿವೆ, ಬಾಳೆದಿಂಡು, ಬಾಳೆಹೂವು, ಹಲಸಿನ ಗುಜ್ಜೆ, ಮೊಗೆಕಾಯಿ, ಚೀನಿಕಾಯಿ ಇವೆಲ್ಲ ಶಿವಮೊಗ್ಗದ ಸಂತೆಯಲ್ಲಿ ಆಯಾ ಕಾಲಕ್ಕೆ ಸಿಗುತ್ತವೆ. ಕಳಲೆಯನ್ನು (ಎಳೆ ಬಿದಿರಿನ ಮೊಳಕೆ) ಮಾತ್ರ ಹೆಚ್ಚಿ, ನೀರು ಬದಲಾಯಿಸುತ್ತ ಎರಡು ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸಿಯೇ ಬಳಸಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿರುತ್ತದೆ.

ಗುರಿಯ ವಿಷಯ. ನಿಮ್ಮ ಬಿ.ಎಂ.ಐ., ಎಂದರೆ ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಸೂಚಿ, 28.8. ಭಾರತೀಯರಿಗೆ 23ರ ಒಳಗಿದ್ದರೆ ಸರಿ ಎನ್ನುತ್ತಾರೆ, ಮಹಿಳೆಯರ ಸೊಂಟದ ಸುತ್ತಳತೆ 80 ಸೆಂ.ಮೀ. ಒಳಗಿರಬೇಕು. ಆ ಅಂಕಿಗಳನ್ನು ಕಂಡು ಎದೆಗುಂದಬೇಡಿ. ಈಗಿನ ತೂಕದಲ್ಲಿ ನೂರಕ್ಕೆ ಐದರಷ್ಟು, ಎಂದರೆ 3.6 ಕೆ.ಜಿ. ಇಳಿದರೂ ರಕ್ತದ ಸಕ್ಕರೆಯ ಮೇಲೆ ಒಳ್ಳೆಯ ಪರಿಣಾಮ ಕಾಣಿಸಿಕೊಳ್ಳುತ್ತದೆ. ವಾರಕ್ಕೆ ಅರ್ಧ ಕೆ.ಜಿ. ದಾಟಿ ಇಳಿಯುವ ಆತುರ ಬೇಡ. ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಕ ನೋಡಿ.

ಒಂದೇ ಅಡುಗೆ ಎಂದರೆ ಎಲ್ಲರಿಗೂ ಒಂದೇ ಅಳತೆ ಎಂದಲ್ಲ. ಅತ್ತೆಯವರಿಗೆ ವಯಸ್ಸಾಗಿದ್ದರೆ ಅವರ ಅನ್ನವನ್ನು ಕಡಿಮೆ ಮಾಡಲು ಹೋಗಬೇಡಿ, ಅವರಿಗೆ ಕಾಳು ಮತ್ತು ಮೊಸರು ಹೆಚ್ಚಾಗಲಿ. ಬೆಳೆಯುವ ಮಗನಿಗೂ ಅನ್ನ ತಡೆಯಬೇಡಿ. ಮನೆಯಲ್ಲಿ ಯಾರಾದರೂ ಮಧುಮೇಹಕ್ಕೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಊಟ ಕಡಿಮೆ ಮಾಡುವ ಮೊದಲು ವೈದ್ಯರಿಗೆ ತಿಳಿಸಲೇಬೇಕು. ಸಕ್ಕರೆ ತೀರ ಕೆಳಗಿಳಿಯುವ ಅಪಾಯವಿದೆ.

ಉತ್ತರ: ಆಗುಂಬೆ ದಾರಿ

ಮಳೆಗಾಲದ ನಡಿಗೆಯ ಬಗ್ಗೆ ಮಾತ್ರ ಬರೆಯುತ್ತೇನೆ. ನಮ್ಮಲ್ಲಿ ಜೂನ್ ಎರಡನೆಯ ವಾರ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಹೊರಗೆ ನಡೆಯುವುದೆಂಬುದೇ ಇಲ್ಲ. ನಾನು ಪ್ರತಿ ಊಟದ ನಂತರ ಹತ್ತು ನಿಮಿಷ ಜಗಲಿಯಲ್ಲಿಯೇ ನಡೆಯುತ್ತೇನೆ. ನಮ್ಮ ಜಗಲಿ 22 ಅಡಿ ಉದ್ದವಿದೆ. ಹತ್ತು ನಿಮಿಷಕ್ಕೆ ಈ ತುದಿಯಿಂದ ಆ ತುದಿಗೆ ಸುಮಾರು ಎಪ್ಪತ್ತು ಸಲ ಆಗುತ್ತದೆ. ದಿನಕ್ಕೆ ಮೂರು ಸಲದಂತೆ ವಾರದಲ್ಲಿ ಐದು ದಿನ ನಡೆದರೆ, ವಾರಕ್ಕೆ ಬೇಕೆಂದು ಹೇಳುವ 150 ನಿಮಿಷ ಪೂರ್ತಿಯಾಗುತ್ತದೆ. ಹೆಜ್ಜೆ ಮಾತ್ರ ಚುರುಕಾಗಿರಬೇಕು. ಉಂಡ ಕೂಡಲೇ ನಡೆಯುವುದರಿಂದ ಊಟದ ನಂತರ ಏರುವ ಸಕ್ಕರೆಯೂ ತಗ್ಗುತ್ತದೆ. ಇದರ ಜೊತೆಗೆ ವಾರಕ್ಕೆ ಎರಡು ದಿನ, ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದನ್ನು ಹತ್ತರಂತೆ ಮೂರು ಸಲ ಮಾಡುತ್ತೇನೆ. ತೊಡೆಗೆ ಬಲ ಬಂದ ಮೇಲೆ ಮಂಡಿನೋವು ಕಡಿಮೆಯಾಗಿದೆ. ಶಿವಮೊಗ್ಗದಲ್ಲಿ ಮಳೆ ನಮ್ಮಷ್ಟು ಹಿಡಿದು ಹೊಡೆಯುವುದಿಲ್ಲವಾದ್ದರಿಂದ, ಹೊಳವಾದಾಗ ನೀವು ಹೊರಗೂ ಹೋಗಬಹುದು.

ಪ್ರಶ್ನೆ: ಕಾನುಮನೆ

ಇದೇ ವಿಷಯಕ್ಕೆ ಸೇರಿದ್ದರಿಂದ ಕೇಳುತ್ತಿದ್ದೇನೆ. ನಮ್ಮ ಕಾಡಿನ ಉಪ್ಪಾಗೆ ಎಂಬ ಹುಳಿ ಹಣ್ಣಿನಿಂದ ತೆಗೆದ ಸಾರದ ಗುಳಿಗೆಯನ್ನು ನನ್ನ ಭಾವ ಒಂದು ತಿಂಗಳಿನಿಂದ ತೂಕ ಇಳಿಸಲೆಂದು ನುಂಗುತ್ತಿದ್ದಾರೆ. ಉಪ್ಪಾಗೆ ನಾವು ಸಾರಿಗೆ ಹಾಕುವಂಥದ್ದೇ ಅಲ್ಲವೇ, ಏನೂ ಆಗುವುದಿಲ್ಲ ಎನ್ನುತ್ತಾರೆ. ಇದು ಸರಿಯೇ?

ಉತ್ತರ: ಮನೆಯೂಟ

ಸಾರಿಗೆ ಹಾಕುವ ಎರಡು ಒಣ ಸಿಪ್ಪೆಗೂ ಆ ಗುಳಿಗೆಗೂ ಬಹಳ ವ್ಯತ್ಯಾಸವಿದೆ. ಉಪ್ಪಾಗೆಯ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ಸಾಂದ್ರಗೊಳಿಸಿ ಗುಳಿಗೆ ಮಾಡುತ್ತಾರೆ. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳಲ್ಲಿ ಅದರಿಂದ ತೂಕ ಇಳಿದದ್ದು ತೀರ ಅಲ್ಪ, ಕೆಲವುಗಳಲ್ಲಿ ಏನೂ ಇಲ್ಲ. ಮತ್ತೊಂದು ಕಡೆ, ಇಂತಹ ಗುಳಿಗೆ ತೆಗೆದುಕೊಂಡವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ದಯವಿಟ್ಟು ಭಾವನವರಿಗೆ ಅದನ್ನು ನಿಲ್ಲಿಸಲು ಹೇಳಿ. ಕಣ್ಣು ಹಳದಿಯಾಗುವುದು, ಮೂತ್ರದ ಬಣ್ಣ ಗಾಢವಾಗುವುದು, ಹಸಿವೆ ಕಟ್ಟಿಹೋಗುವುದು ಕಂಡರೆ ತಡಮಾಡದೆ ವೈದ್ಯರನ್ನು ಕಾಣಲಿ, ಗುಳಿಗೆಯ ಡಬ್ಬಿಯನ್ನೂ ಜೊತೆಗೆ ಒಯ್ಯಲಿ. ಸಾರಿಗೆ ಉಪ್ಪಾಗೆ ಹಾಕುವುದನ್ನು ನಿಲ್ಲಿಸಬೇಕಾಗಿಲ್ಲ.

ಹನ್ನೊಂದು ವಾರಗಳ ನಂತರ: ತೋಟದಿಂದ ಪೇಟೆಗೆ

ಉತ್ತರ ಕೊಟ್ಟ ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ ಎಂದು ತಿಳಿಯದು. ಇಂದು ಬೆಳಿಗ್ಗೆ ತೂಕ 69.3 ಕೆ.ಜಿ., ಸೊಂಟ 90 ಸೆಂ.ಮೀ.

ಅನ್ನ ತೂಗಲು ಯಂತ್ರ ಕೊಳ್ಳಲಿಲ್ಲ. ಪಕ್ಕದ ಮನೆಯವರ ಯಂತ್ರದಲ್ಲಿ ಒಂದು ದಿನ ತೂಗಿ ನೋಡಿದಾಗ, ಮಗ ಚಿಕ್ಕವನಿದ್ದಾಗ ಉಣ್ಣುತ್ತಿದ್ದ, ಅಂಚು ಸ್ವಲ್ಪ ನೆಗ್ಗಿದ ಸ್ಟೀಲಿನ ಬಟ್ಟಲಿಗೆ ಸರಿಯಾಗಿ 180 ಗ್ರಾಂ ಅನ್ನ ಹಿಡಿಸಿತು. ಅಂದಿನಿಂದ ಅದೇ ನನ್ನ ಅಳತೆ. ಬಟ್ಟಲನ್ನು ತಟ್ಟೆಗೆ ಬೋರಲು ಹಾಕಿದರೆ ಮುಗಿಯಿತು, ಮತ್ತೆ ಅನ್ನದ ಪಾತ್ರೆಗೆ ಸೌಟು ಹಾಕುವಂತಿಲ್ಲ. ಅತ್ತೆಯವರು ಮೊದಲ ವಾರ ಬೇಸರಿಸಿಕೊಂಡರು. ಆದರೆ ತಂಬುಳಿ, ಸಾರು, ಹುಳಿ, ಮಜ್ಜಿಗೆ ಎಲ್ಲವನ್ನೂ ಅವರ ಜೊತೆಯಲ್ಲಿಯೇ ಕುಳಿತು ಉಣ್ಣುವುದನ್ನು ಕಂಡ ಮೇಲೆ ಸಮಾಧಾನವಾಯಿತು. ಈಗ ಬಾಳೆದಿಂಡಿನ ನಾರು ತೆಗೆದು ಸಣ್ಣಗೆ ಹೆಚ್ಚಿಕೊಡುವುದು ಅವರೇ. ಮಳೆಗಾಲದ ರಾತ್ರಿ ಹಳೆಯ ಮನೆಯಲ್ಲಿ ಗಂಜಿಗೆ ಹುರುಳಿ ಚಟ್ನಿ ನೆಂಚಿಕೊಳ್ಳುತ್ತಿದ್ದುದನ್ನು ನೆನಪಿಸಿ, ವಾರಕ್ಕೆರಡು ರಾತ್ರಿ ಅದನ್ನೇ ಮಾಡಿಸುತ್ತಿದ್ದಾರೆ.

ಕಾಫಿಯ ಸಕ್ಕರೆ ದಿನಕ್ಕೆ ಎಂಟು ಚಮಚದಿಂದ ಮೂರಕ್ಕೆ ಬಂದಿದೆ. ಬೆಳಗಿನ ಮೊದಲ ಲೋಟದಲ್ಲಿ ಮಾತ್ರ ಇನ್ನೂ ಒಂದು ಚಮಚ ಬೇಕೆನಿಸುತ್ತದೆ. ಎಣ್ಣೆ ಮೊದಲ ತಿಂಗಳು ಮೂರೂವರೆ ಲೀಟರ್, ಎರಡನೆಯ ತಿಂಗಳು ಮೂರು ಲೀಟರ್ ಆಯಿತು. ಗೌರಿ ಗಣೇಶ ಹಬ್ಬಕ್ಕೆ ಚಕ್ಕುಲಿ, ಕಾಯಿಕಡುಬು, ಪಾಯಸ ಎಲ್ಲವನ್ನೂ ಮಾಡಿದೆ, ತಿಂದೆ. ತೂಕ 800 ಗ್ರಾಂ ಏರಿ ಎರಡು ವಾರದಲ್ಲಿ ಮತ್ತೆ ಇಳಿಯಿತು. ಡಬ್ಬಿಯಲ್ಲಿ ಉಳಿದ ಚಕ್ಕುಲಿಯನ್ನು ಊರಿಗೆ ಹೋಗುವವರ ಕೈಯಲ್ಲಿ ತೋಟದ ಕೆಲಸದವರಿಗೆ ಕಳಿಸಿಕೊಟ್ಟದ್ದು ಒಳ್ಳೆಯದಾಯಿತು. ಸಂಜೆಯ ಹಸಿವು ಇನ್ನೂ ಪೂರ್ತಿ ಹತೋಟಿಗೆ ಬಂದಿಲ್ಲ. ಬೇಯಿಸಿದ ಕಡಲೆ ಇದ್ದ ದಿನ ಸರಿಹೋಗುತ್ತದೆ, ನೆನೆಹಾಕಲು ಮರೆತ ದಿನ ಕೈ ಬಿಸ್ಕತ್ತಿನ ಡಬ್ಬಿಯ ಕಡೆಗೆ ಹೋಗುತ್ತದೆ.

ಮುಂದಿನ ಶುಕ್ರವಾರ ರಕ್ತ ಪರೀಕ್ಷೆಗೆ ಹೋಗಲಿದ್ದೇನೆ, ಫಲಿತಾಂಶವನ್ನು ಇಲ್ಲಿಯೇ ತಿಳಿಸುತ್ತೇನೆ. ಅಷ್ಟರಲ್ಲಿ ಒಂದು ಸಹಾಯ ಬೇಕು. ಊರಿನಿಂದ ಉಪ್ಪುನೀರಿನಲ್ಲಿ ಹಾಕಿಟ್ಟ ಕಳಲೆ ಒಂದು ಭರಣಿ ತುಂಬ ಬಂದಿದೆ. ಅದರ ಉಪ್ಪನ್ನು ಚೆನ್ನಾಗಿ ಬಿಡಿಸಿಕೊಂಡು, ಕಾಯಿ ಕಡಿಮೆ ಹಾಕಿ, ಅಲಸಂದೆ ಕಾಳು ಸೇರಿಸಿ ಪಲ್ಯ ಮಾಡುವ ಕ್ರಮವನ್ನು ಬಲ್ಲವರು ದಯವಿಟ್ಟು ಬರೆಯಿರಿ.